ಅಜ್ಜಿಯ ಮೂಗುಬೊಟ್ಟು, ತುಂಬಿದ ಫೋನು

ಮಕ್ಕಳೇ, ಹೋದ ತಿಂಗಳು ನನ್ನ ಫೋನು ಮುಷ್ಕರ ಹೂಡಿತು. ಹಿತ್ತಲಿನ ದಾಸವಾಳದ ಫೋಟೊ ತೆಗೆಯೋಣವೆಂದರೆ ‘ಜಾಗವಿಲ್ಲ’ ಎಂದುಬಿಟ್ಟಿತು. ಎಂಟನೇ ತರಗತಿಯ ಮೊಮ್ಮಗಳು ಫೋನು ಕಸಿದುಕೊಂಡು ಸರಸರನೆ ಬೆರಳಾಡಿಸಿದಳು.

“ತಾತಾ, ಈ ಒಂದು ವಿಡಿಯೊನೇ ನಾಲ್ಕು ಜಿಬಿಗಿಂತ ಜಾಸ್ತಿ ಇದೆ. ಡಿಲೀಟ್ ಮಾಡ್ಲಾ?”

ಕನ್ನಡಕ ಹಾಕಿಕೊಂಡು ನೋಡಿದೆ. ಎದೆ ಧಸಕ್ಕೆಂದಿತು. ಅವಳ ಅಜ್ಜಿ ಜಗಲಿಯಲ್ಲಿ ಕೂತು, ಮಲ್ಲಿಗೆ ಕಟ್ಟುತ್ತಾ ಹಸೆ ಹಾಡು ಹೇಳಿದ ಹನ್ನೆರಡು ನಿಮಿಷದ ವಿಡಿಯೊ ಅದು. ಅಜ್ಜಿ ಈಗ ನಮ್ಮ ಜೊತೆಗಿಲ್ಲ.

“ಅದೊಂದು ಬೇಡ ಪುಟ್ಟಿ,” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅಳಿಸೋದು ಬೇಡ ತಾತ, ಚಿಕ್ಕದು ಮಾಡೋಣ,” ಎಂದಳು.

ವಿಡಿಯೊ ಚಿಕ್ಕದಾಗುವುದು ಹೇಗೆ? ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ಪರದೆಯ ಚಿತ್ರವೂ ಚುಕ್ಕಿಗಳಿಂದಲೇ ಆದದ್ದು. ನನ್ನ ಮಗ ತೆಗೆದದ್ದು 4ಕೆ ವಿಡಿಯೊ. ಅದರಲ್ಲಿ ಒಂದು ಸಾಲಿಗೆ 3,840 ಚುಕ್ಕಿ, ಅಂಥವು 2,160 ಸಾಲು. ಗುಣಿಸಿ ನೋಡಿ, 82,94,400 ಚುಕ್ಕಿ! ಅದೂ ಒಂದು ಚಿತ್ರಕ್ಕೆ. ಸೆಕೆಂಡಿಗೆ ಅಂಥ 30 ಚಿತ್ರ ಓಡಬೇಕು. ಇದನ್ನೇ 1080ಪಿಗೆ ಇಳಿಸಿದರೆ 1,920 ಚುಕ್ಕಿಯ 1,080 ಸಾಲು, ಅಂದರೆ 20,73,600. ಸರಿಯಾಗಿ ಕಾಲು ಭಾಗ. ಇದಕ್ಕೇ ರೆಸಲ್ಯೂಷನ್ ಇಳಿಸುವುದು ಎನ್ನುತ್ತಾರೆ.

ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿಕೊಂಡು, ಅವಸರದಲ್ಲಿ ‘ಫ್ರೀ’ ಎಂದು ಬರೆದಿದ್ದ ಯಾವುದೋ ತಂತ್ರಾಂಶ ಇಳಿಸಿಕೊಂಡೆ. ಅದು ಕೆಲಸವನ್ನೇನೋ ಮಾಡಿತು. ಆದರೆ ಅಜ್ಜಿಯ ಮುಖದ ಮೇಲೆ ತನ್ನ ಹೆಸರಿನ ಮುದ್ರೆ ಒತ್ತಿತು! ಅಳಿಸಬೇಕಾದರೆ ದುಡ್ಡು ಕೊಡಬೇಕಂತೆ. ಮೂಲ ವಿಡಿಯೊ ಹಾಗೇ ಇದ್ದದ್ದು ನಮ್ಮ ಪುಣ್ಯ.

ಆಗ ಪುಟ್ಟಿ ಹುಡುಕಿದ್ದು ಹ್ಯಾಂಡ್‌ಬ್ರೇಕ್. ಇದು ಪುಕ್ಕಟೆ ಮಾತ್ರವಲ್ಲ, ಮುಕ್ತ ತಂತ್ರಾಂಶ. ಪಕ್ಕದ ಮನೆಯವರು ಸಾರಿನ ಪುಡಿಯ ಜೊತೆಗೆ ಅದರ ಅಳತೆಯನ್ನೂ ಬರೆದುಕೊಟ್ಟ ಹಾಗೆ. ಅದನ್ನು ಹೇಗೆ ಬರೆದಿದ್ದಾರೆಂದು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. 2003ರಲ್ಲಿ ಎರಿಕ್ ಪೆಟಿ ಎಂಬವರು ಶುರುಮಾಡಿದ್ದನ್ನು ಈಗ ಹಲವರು ಸೇರಿ ನಡೆಸುತ್ತಿದ್ದಾರೆ. ಮುದ್ರೆ ಒತ್ತುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಗುರುತು ಅನಾನಸ್ ಹಣ್ಣು. ಹೆಸರು ಹೋಲುವ ಬೇರೆ ತಾಣಗಳಿಗೆ ಹೋಗದೆ, ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್ ಎಂಬ ಅದರದೇ ತಾಣದಿಂದ ಇಳಿಸಿಕೊಳ್ಳಿ.

ಕೆಲಸ ಸುಲಭ. ವಿಡಿಯೊವನ್ನು ಎಳೆದು ಅದರೊಳಗೆ ಬಿಡಬೇಕು. ‘ಪ್ರಿಸೆಟ್’ ಎಂಬಲ್ಲಿ ಅಳತೆ ಆರಿಸಬೇಕು. ಹೊಸ ಫೈಲಿಗೆ ಬೇರೆ ಹೆಸರು ಕೊಟ್ಟು ‘ಸ್ಟಾರ್ಟ್’ ಒತ್ತಬೇಕು. ಮೂಲ ವಿಡಿಯೊವನ್ನು ಅದು ಮುಟ್ಟುವುದಿಲ್ಲ, ಹೊಸ ಪ್ರತಿ ಮಾಡಿಕೊಡುತ್ತದೆ.

ಯಾವ ಅಳತೆ ಆರಿಸುವುದು? ಪುಟ್ಟಿ ಜಾಣೆ. ಮೊದಲು ಒಂದೇ ನಿಮಿಷದ ತುಣುಕನ್ನು 480ಪಿ, 720ಪಿ, 1080ಪಿ ಮೂರರಲ್ಲೂ ಮಾಡಿ ಟಿವಿಯಲ್ಲಿ ಹಾಕಿದಳು. 480ಪಿಯಲ್ಲಿ ಅಜ್ಜಿಯ ಮೂಗುಬೊಟ್ಟು ಬರೀ ಮಸುಕು ಚುಕ್ಕೆ. 720ಪಿಯಲ್ಲಿ ಪರವಾಗಿಲ್ಲ, ಫೋನಿಗೆ ಧಾರಾಳ ಸಾಕು. 1080ಪಿಯಲ್ಲಿ ಅಜ್ಜಿ ತಲೆಯಾಡಿಸಿದಾಗ ಮೂಗುಬೊಟ್ಟು ಫಳಕ್ಕೆಂದಿತು. “ಇದೇ ಇರ್ಲಿ ತಾತ,” ಎಂದಳು.

ಹಾಡು ಹಾಳಾದೀತೇ ಎಂಬ ಭಯ ನನಗಿತ್ತು. ಹಾಗೇನೂ ಆಗಲಿಲ್ಲ. ಜಾಗ ನುಂಗುವುದು ಚಿತ್ರವೇ ಹೊರತು ದನಿಯಲ್ಲ. ಹನ್ನೆರಡು ನಿಮಿಷದ ದನಿಗೆ ಸುಮಾರು 15 ಎಂಬಿ ಸಾಕಾಯಿತು. ನಮ್ಮ ಹಳೇ ಕಂಪ್ಯೂಟರ್ ಅರ್ಧ ಗಂಟೆ ಏದುಸಿರು ಬಿಟ್ಟಿತು. ನಾಲ್ಕು ಜಿಬಿ ದಾಟಿದ್ದ ಫೈಲು ಐನೂರ ಚಿಲ್ಲರೆ ಎಂಬಿಗೆ ಇಳಿಯಿತು.

ಒಂದು ಮಾತು ನೆನಪಿಡಿ. ಬಿಟ್ಟುಹೋದ ಚುಕ್ಕಿ ಮತ್ತೆ ಬರುವುದಿಲ್ಲ. 480ಪಿ ಮಾಡಿದ್ದನ್ನು ಆಮೇಲೆ 4ಕೆ ಮಾಡಿದರೂ ಮೂಗುಬೊಟ್ಟು ಮೊದಲಿನ ಹಾಗೆ ಹೊಳೆಯದು. ಆದ್ದರಿಂದ ಹೊಸ ಪ್ರತಿಯನ್ನು ಕೊನೆಯವರೆಗೂ ನೋಡಿ, ದನಿ ಕೇಳಿ. ಅದಾದ ಮೇಲಷ್ಟೇ ಫೋನಿನಿಂದ ಹಳೆಯದನ್ನು ತೆಗೆಯಿರಿ. ಇಂಥ ಅಪರೂಪದ್ದಾದರೆ ಮೂಲವನ್ನು ಹಾರ್ಡ್‌ಡಿಸ್ಕಿನಲ್ಲೂ ಇನ್ನೊಂದು ಪೆನ್‌ಡ್ರೈವಿನಲ್ಲೂ ಇಡಿ. ನಾವು ಹಾಗೇ ಮಾಡಿದೆವು.

ಈ ಭಾನುವಾರ ನಿಮ್ಮ ಮನೆಯ ತಾತ, ಅಜ್ಜಿಯ ಪಕ್ಕ ಕೂತು ಅವರ ಫೋನು ನೋಡಿ. ಯಾವುದು ಹೋಗಬಹುದು, ಯಾವುದು ಉಳಿಯಬೇಕು ಎಂದು ಅವರನ್ನೇ ಕೇಳಿ.

ಈಗ ದಿನಾ ಬೆಳಗಿನ ಕಾಫಿಯ ಹೊತ್ತಿಗೆ ನಾನು ಆ ಹಾಡು ಹಾಕುತ್ತೇನೆ. ಮೊನ್ನೆಯಿಂದ ಪುಟ್ಟಿ ಜಡೆ ಹಾಕಿಸಿಕೊಳ್ಳುವಾಗ ಅದರ ಎರಡು ಸಾಲು ಗುನುಗುತ್ತಿದ್ದಾಳೆ.