ಊಟ ಬಲ್ಲವನು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಾನು ತರಗತಿಯಲ್ಲಿ ಎಷ್ಟು ಸಲ ಕೊಟ್ಟಿರುವೆನೋ ಲೆಕ್ಕವಿಲ್ಲ. ವಿದ್ಯಾರ್ಥಿಗಳು ಮಿತಾಹಾರದ ಮಹಿಮೆಯನ್ನು ಎರಡೆರಡು ಪುಟ ಬರೆದು ಅಂಕ ಪಡೆದಿದ್ದಾರೆ. ಗಾದೆಯ ಭಾರವೆಲ್ಲ ‘ಬಲ್ಲವನು’ ಎಂಬ ಒಂದೇ ಪದದ ಮೇಲೆ ನಿಂತಿದೆಯೆಂದು ನನಗೆ ಕಲಿಸಿದವಳು ಮಾತ್ರ, ಮೂರು ವರ್ಷವೂ ತುಂಬದ ನನ್ನ ಮಗಳು.

ಒಂದು ವರ್ಷದವರೆಗೆ ಮಗು ಚೆನ್ನಾಗಿಯೇ ಬೆಳೆಯಿತು. ಆಮೇಲೆ ಯಾರ ಕಣ್ಣಿಗೂ ಬೀಳದಂತೆ ಬೆಳವಣಿಗೆ ನಿಂತಿತು. ದಿನಕ್ಕೆ ನಾಲ್ಕೈದು ಸಲ ಭೇದಿ. ಹೊಟ್ಟೆ ಮಾತ್ರ ಉಬ್ಬಿ, ಕೈಕಾಲುಗಳು ಕಡ್ಡಿಯಂತಾದವು. ನಗುವ ಕೂಸು ಸದಾ ರಗಳೆ ಮಾಡುವ ಕೂಸಾಯಿತು. ಮೊದಲ ಹುಟ್ಟುಹಬ್ಬದಂದು 9 ಕಿಲೋ ತೂಗಿದವಳು, ಎರಡೂವರೆ ವರ್ಷಕ್ಕೂ 9½ ಕಿಲೋ ದಾಟಲಿಲ್ಲ.

ಮಗುವಿಗೆ ಕಾಯಿಲೆಯೆಂದರೆ ಬೀದಿಗೆ ಬೀದಿಯೇ ವೈದ್ಯ. ದೃಷ್ಟಿ ತಗುಲಿದೆಯೆಂದು ನನ್ನ ತಾಯಿ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಬಜೆ, ಜಾಯಿಕಾಯಿ ತೇದು ನೆಕ್ಕಿಸಿದರು. ಹಲ್ಲು ಬರುವಾಗ ಹೀಗೆಯೇ ಎಂದರು ಅತ್ತೆಯವರು. ಎದುರು ಮನೆಯವರು ಜಂತುಹುಳುವೆಂದರು. ವೈದ್ಯರಲ್ಲಿಯೂ ಒಮ್ಮತವಿರಲಿಲ್ಲ. ಒಬ್ಬರು ಆಮಶಂಕೆಗೆ ಮದ್ದು ಕೊಟ್ಟರು. ಇನ್ನೊಬ್ಬರು ಹಾಲನ್ನು ಬಿಡಿಸಿದರು. ಮತ್ತೊಬ್ಬರು ಟಾನಿಕ್ಕು ಬರೆದುಕೊಟ್ಟು, “ಮಗುವಿಗಿಂತ ನಿಮ್ಮ ಚಿಂತೆಯೇ ಹೆಚ್ಚಾಯಿತು” ಎಂದು ನಕ್ಕರು. ನನ್ನಾಕೆ ಆ ಮಾತಿಗೆ ಉತ್ತರ ಕೊಡಲಿಲ್ಲ. ಮನೆಗೆ ಬಂದು, ನನ್ನ ಮೇಜಿನ ಮೇಲಿದ್ದ ಒಂದು ಖಾಲಿ ನೋಟುಪುಸ್ತಕ ತೆಗೆದುಕೊಂಡು, ಮಗು ತಿಂದದ್ದು ಏನು, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು ಎಂಬುದನ್ನೆಲ್ಲ ದಿನವೂ ಬರೆದಿಡತೊಡಗಿದಳು.

ಈ ನಡುವೆ ನಾವು ಸುಮ್ಮನಿದ್ದೆವೆಂದಲ್ಲ. ಹೊಟ್ಟೆಗೆ ಹಗುರವಾಗಲೆಂದು ರಾಗಿಯನ್ನು ಬಿಡಿಸಿ ರವೆಯ ಗಂಜಿ ಮಾಡಿದೆವು. ಹಾಲಿನಲ್ಲಿ ಬ್ರೆಡ್ಡು ನೆನೆಸಿ ಕೊಟ್ಟೆವು. ತಂಪೆಂದು ಬಾರ್ಲಿಯ ನೀರು ಕುಡಿಸಿದೆವು. ಕಾಲೇಜಿನಿಂದ ಬರುವಾಗ ಬಿಸ್ಕತ್ತಿನ ಪೊಟ್ಟಣ ತರುವುದು ನನ್ನ ನಿತ್ಯವ್ರತವಾಯಿತು. ಗೇಟಿನ ಸದ್ದು ಕೇಳಿದೊಡನೆ ಆ ಎರಡು ಸಣ್ಣ ಕೈಗಳು ಚಾಚಿಕೊಳ್ಳುತ್ತಿದ್ದವು.

ನಾಲ್ಕನೆಯ ವೈದ್ಯರು ಮಗುವನ್ನು ತೂಗಿ, ನೋಟುಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. “ಮೇಷ್ಟ್ರೇ, ಪರೀಕ್ಷೆಗಳು ಮುಗಿಯುವವರೆಗೂ ಈಗ ಕೊಡುತ್ತಿರುವುದನ್ನೇ ಕೊಡಿ. ಮೊದಲೇ ಗೋಧಿ ನಿಲ್ಲಿಸಿಬಿಟ್ಟರೆ ಪರೀಕ್ಷೆಗೆ ಏನೂ ಸಿಕ್ಕದೆ ಹೋದೀತು” ಎಂದರು. ರಕ್ತಪರೀಕ್ಷೆಯಲ್ಲಿ ಸಂಶಯ ಬಲವಾಯಿತು. ಬಾಯಿಯ ಮೂಲಕ ನಳಿಕೆ ಇಳಿಸಿ, ಸಣ್ಣ ಕರುಳಿನ ಚೂರುಗಳನ್ನು ತೆಗೆದು ನೋಡಿದಾಗ ಅದು ಸ್ಥಿರಪಟ್ಟಿತು. ರೋಗದ ಹೆಸರು ಸೀಲಿಯಾಕ್.

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ಚಪಾತಿಯ ಹಿಟ್ಟಿಗೆ ನಾದ ಬರುವುದು ಅದರಿಂದಲೇ. ಹುಟ್ಟಿನಿಂದಲೇ ಒಂದು ಬಗೆಯ ಒಲವುಳ್ಳ ಕೆಲವರ ದೇಹ ಇದನ್ನು ಶತ್ರುವೆಂದು ಭ್ರಮಿಸಿ, ಯುದ್ಧ ಹೂಡಿ, ತನ್ನ ಕರುಳನ್ನೇ ಗಾಯಪಡಿಸಿಕೊಳ್ಳುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಅನ್ನಸಾರವನ್ನು ಹೀರುವ ಲಕ್ಷಾಂತರ ಸೂಕ್ಷ್ಮ ಕುಚ್ಚುಗಳಿವೆ. ಅವು ಹಳೆಯ ಜಮಖಾನೆಯಂತೆ ಸವೆದು ಹೋಗುತ್ತವೆ. ಮಗು ಉಂಡರೂ ಉಪವಾಸ. ಗೋಧಿಯನ್ನು ಹೆಚ್ಚಾಗಿ ಉಣ್ಣುವ ಉತ್ತರ ಭಾರತದಲ್ಲಿ ಈ ರೋಗ ಹೆಚ್ಚು, ನಮ್ಮ ಕಡೆ ಕಡಮೆ. ಆದ್ದರಿಂದ ಇಲ್ಲಿ ಅದರ ನೆನಪು ತಡವಾಗಿ ಬರುವುದೂ ಉಂಟು.

ಪುಸ್ತಕ ತೆರೆಯದೆ ಮೇಷ್ಟರಿಗೆ ಸಮಾಧಾನವಿಲ್ಲ. ಗ್ರೀಕ್ ಭಾಷೆಯ ‘ಹೊಟ್ಟೆ’ ಎಂಬ ಮಾತಿನಿಂದ ಈ ಹೆಸರು ಬಂದಿದೆ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು ರೋಗವನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವಾಗುವುದಾದರೆ ಪಥ್ಯದಿಂದಲೇ ಎಂದು ಸರಿಯಾಗಿ ಊಹಿಸಿದನು. ಆದರೂ ಚೆನ್ನಾಗಿ ಸುಟ್ಟ ತೆಳುವಾದ ಬ್ರೆಡ್ಡಿಗೆ ಅಪ್ಪಣೆ ಕೊಟ್ಟುಬಿಟ್ಟನು! 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬವನು ಬ್ರೆಡ್ಡು ಬಿಡಿಸಿ ಬಾಳೆಹಣ್ಣು ತಿನ್ನಿಸಿದನು. ಮಕ್ಕಳು ಚೇತರಿಸಿಕೊಂಡರು, ಕೀರ್ತಿ ಬಾಳೆಹಣ್ಣಿಗೆ ಸಂದಿತು. ನಿಜವಾದ ಅಪರಾಧಿಯನ್ನು ಹಿಡಿದವನು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಗೋಧಿಯ ಮೇಲೆ ಆತನಿಗೆ 1930ರ ದಶಕದಲ್ಲಿಯೇ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ ಆ ದೇಶ ಯುದ್ಧದ ಕ್ಷಾಮಕ್ಕೆ ಸಿಕ್ಕಿ, ಜನ ಟ್ಯುಲಿಪ್ ಹೂವಿನ ಗಡ್ಡೆ ತಿಂದು ಬದುಕಿದರು. ಊರೆಲ್ಲ ಸೊರಗಿದ ಆ ಕಾಲದಲ್ಲಿ ಬ್ರೆಡ್ಡಿಲ್ಲದ ಈ ರೋಗಿ ಮಕ್ಕಳು ಮಾತ್ರ ಸುಧಾರಿಸಿದರೆಂದೂ, ಬ್ರೆಡ್ಡು ಮರಳಿದೊಡನೆ ಮತ್ತೆ ಕೆಟ್ಟರೆಂದೂ ಹೇಳುತ್ತಾರೆ. ಡಿಕ್ಕೆ ಒಂದೊಂದೇ ಧಾನ್ಯವನ್ನು ಕೊಟ್ಟು, ಬಿಡಿಸಿ, ಅಳೆದು ನೋಡಿ, 1950ರಲ್ಲಿ ತನ್ನ ಪ್ರಬಂಧದಲ್ಲಿ ಅದನ್ನು ಸಾಧಿಸಿ ತೋರಿಸಿದನು.

ಅದನ್ನು ಓದಿ ಮುಗಿಸಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ರವೆ ಗೋಧಿ, ಬ್ರೆಡ್ಡು ಗೋಧಿ, ಬಾರ್ಲಿ ಅದರ ನೆಂಟ. ಒಂದೂವರೆ ವರ್ಷ ನಾನು ಪ್ರೀತಿಯಿಂದ ಹೊತ್ತು ತಂದ ಪೊಟ್ಟಣಗಳನ್ನು ಲೆಕ್ಕ ಹಾಕುತ್ತ ಮಲಗಿದ್ದೆ. ಪಕ್ಕದಲ್ಲಿ ಎಚ್ಚರವಾಗಿಯೇ ಇದ್ದ ನನ್ನಾಕೆ, “ಗೊತ್ತಿದ್ದು ಕೊಟ್ಟಿರಾ? ಮಲಗಿ” ಎಂದಳು. ಅಷ್ಟೇ.

ಔಷಧವಿಲ್ಲದ ಚಿಕಿತ್ಸೆ ಸುಲಭವೆಂದುಕೊಂಡೆವು. ಗೋಧಿ ಎಲ್ಲೆಲ್ಲಿ ಅಡಗಿದೆಯೆಂದು ಹುಡುಕುತ್ತ ಹೋದಾಗ ಗೊತ್ತಾಯಿತು. ಒಬ್ಬಟ್ಟಿನ ಕಣಕ, ಶಾವಿಗೆ ಸರಿಯೇ. ಸಾರಿನ ಒಗ್ಗರಣೆಯ ಇಂಗಿಗೂ ಗೋಧಿಹಿಟ್ಟು ಬೆರೆಸುವುದುಂಟು! ಮಗುವಿಗಾಗಿ ಬೇರೆ ಕಾವಲಿ ಬಂದಿತು.

ಕಷ್ಟವಾದದ್ದು ಸತ್ಯನಾರಾಯಣ ಪೂಜೆಯ ದಿನ. ಸಜ್ಜಿಗೆಯ ಪ್ರಸಾದ ಹಿಡಿದು ನನ್ನ ತಾಯಿ, “ದೇವರ ಪ್ರಸಾದ ಕಣೋ, ಒಂದು ಚೂರು ಏನು ಮಾಡೀತು?” ಎಂದರು. ಚೂರೂ ಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿದ್ದರು. ನಾನು ತಡವರಿಸಿದೆ. ನನ್ನಾಕೆ, “ಬೇಡ ಅತ್ತೆ” ಎಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮುಂದಿನ ಹುಣ್ಣಿಮೆಗೆ ಅಡಿಗೆಮನೆಯಿಂದ ಅದೇ ತುಪ್ಪದ ಘಮ ಬಂದಿತು. ತಾಯಿಯವರು ಅಕ್ಕಿತರಿಯಲ್ಲಿ ಸಜ್ಜಿಗೆ ಕೆದಕುತ್ತಿದ್ದರು. ಮಗುವಿಗೆ ಮಾತ್ರವಲ್ಲ, ಬಂದವರಿಗೆಲ್ಲ. “ಅವನಿಗೆ ಗೋಧಿಯೇ ಆಗಬೇಕೇನು? ಭಕ್ತಿಯಿದ್ದರೆ ಸಾಕು” ಎಂದರು.

ಕೆಲವೇ ವಾರಗಳಲ್ಲಿ ಮಗು ನಕ್ಕಿತು. ಆರು ತಿಂಗಳಿಗೆ 12 ಕಿಲೋ ತೂಗಿತು. ಪಥ್ಯ ಮಾತ್ರ ಜೀವನಪರ್ಯಂತ. ಒಂದು ಹೊಟ್ಟೆಯಲ್ಲಿ ಹುಟ್ಟಿದವರಿಗೂ ತಂದೆತಾಯಿಗಳಿಗೂ ಪರೀಕ್ಷೆ ಒಳ್ಳೆಯದೆಂದುದರಿಂದ ನಾವಿಬ್ಬರೂ ರಕ್ತ ಕೊಟ್ಟು ಬಂದೆವು.

ಓದುಗರು ಗಾಬರಿಯಾಗಬೇಕಿಲ್ಲ. ಮಕ್ಕಳ ಭೇದಿಗೆ ಕಾರಣಗಳು ಹಲವು, ಬಹುಪಾಲು ಸಾಮಾನ್ಯವಾದವು. ಆದರೆ ತಿಂಗಳುಗಟ್ಟಲೆ ಹೊಟ್ಟೆ ಕೆಟ್ಟು ತೂಕ ಏರದಿದ್ದರೆ ಟಾನಿಕ್ಕಿನ ಸೀಸೆಗೆ ತೃಪ್ತರಾಗಬೇಡಿ. ಬರೆದಿಡಿ, ಮತ್ತೆ ಕೇಳಿ. ನೀವಾಗಿ ಗೋಧಿ ಬಿಡಿಸಿ ಪರೀಕ್ಷೆಯನ್ನು ಕೆಡಿಸಬೇಡಿ.

ಈಗಲೂ ಗೇಟಿನ ಸದ್ದಿಗೆ ಆ ಕೈಗಳು ಚಾಚಿಕೊಳ್ಳುತ್ತವೆ. ನನ್ನ ಜೇಬಿನಲ್ಲಿರುವುದು ಕಡಲೆಕಾಯಿ, ಬೆಲ್ಲ.