ಗಾಜಿನ ತೊಟ್ಟಿಯ ಗಿಡ ತೋಡಿಗಿಳಿಯದಿರಲಿ

ಮನೆಯ ಜಗಲಿಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕುವುದು ಈಗ ಸಿರಿವಂತರ ಹವ್ಯಾಸವಾಗಿ ಮಾತ್ರ ಉಳಿದಿಲ್ಲ. ಪ್ಲಾಸ್ಟಿಕ್ ಗಿಡದ ಬದಲು ಜೀವಂತ ಜಲಸಸ್ಯಗಳನ್ನು ನೆಡುವ ಪರಿಪಾಠವೂ ಬೆಳೆಯುತ್ತಿದೆ. ಇದು ಸ್ವಾಗತಾರ್ಹವೇ ಸರಿ. ಮೀನಿನ ಕಶ್ಮಲದಿಂದ ಹುಟ್ಟುವ ಅಮೋನಿಯವನ್ನು ಈ ಗಿಡಗಳು ಹೀರಿಕೊಳ್ಳುತ್ತವೆ. ಹಗಲಲ್ಲಿ ಆಮ್ಲಜನಕವನ್ನು ಕೊಡುತ್ತವೆ. ಆದರೆ ಹೆಚ್ಚಾದ ಗಿಡವನ್ನು ಎಲ್ಲಿ ಬಿಸಾಡುತ್ತೇವೆ ಎಂಬ ಪ್ರಶ್ನೆಯತ್ತ ವಾಚಕ ಬಂಧುಗಳ ಗಮನ ಸೆಳೆಯಬಯಸುತ್ತೇವೆ.

ಜಲಸಸ್ಯಗಳನ್ನು ಬೆಳೆಸುವುದು ಕಷ್ಟದ ವಿದ್ಯೆಯೇನಲ್ಲ. ಕ್ಯಾಬೊಂಬ, ರೊಟಾಲ ಮೊದಲಾದ ಕಾಂಡದ ಗಿಡಗಳ ತುದಿಯನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎರಡು ಗಂಟುಗಳ ಎಲೆ ತೆಗೆದು ಹೊಯ್ಗೆಯಲ್ಲಿ ಊರಿದರೆ ಸಾಕು, ಬೇರು ಬಿಡುತ್ತದೆ. ಕರಿಮೆಣಸಿನ ಬಳ್ಳಿ ನೆಟ್ಟು ರೂಢಿಯಿದ್ದವರಿಗೆ ಇದು ಹೊಸತಲ್ಲ. ವ್ಯಾಲಿಸ್ನೇರಿಯ ಬುಡದಿಂದಲೇ ಹಬ್ಬಿ ಮರಿಗಿಡಗಳನ್ನು ಹಾಕುತ್ತದೆ. ಅವು ಬೇರೂರಿದ ಮೇಲೆ ಬೇರ್ಪಡಿಸಬಹುದು. ಜಾವಾ ಫರ್ನಿನ ಗಡ್ಡೆಯನ್ನು ಮಾತ್ರ ಹೂಳಬಾರದು, ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ನೂಲಿನಿಂದ ಕಟ್ಟಬೇಕು. ದಿನಕ್ಕೆ 6ರಿಂದ 8 ಗಂಟೆ ದೀಪದ ಬೆಳಕು ಸಾಕು. ನೇರ ಬಿಸಿಲು ಬಿದ್ದರೆ ಗಾಜಿಗೆ ಪಾಚಿ ಹಿಡಿಯುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ಕ್ಲೋರಿನ್ ಹಾಕಿದ ನಳ್ಳಿನೀರಾದರೆ ಒಂದು ದಿನ ತೆರೆದಿಟ್ಟು ಬಳಸುವುದು ಒಳ್ಳೆಯದು. ಹೊಸದಾಗಿ ನೆಟ್ಟ ಗಿಡದ ಹಳೆಯ ಎಲೆಗಳು ಕರಗಿದರೆ ಗಾಬರಿ ಬೇಡ, ಹೊಸ ಚಿಗುರು ಬರುತ್ತದೆ.

ಹೀಗೆ ಒಂದು ತುಂಡಿನಿಂದ ಹತ್ತು ಗಿಡವಾಗುವ ಗುಣ ತೊಟ್ಟಿಯೊಳಗೆ ವರವಾದರೆ, ತೊಟ್ಟಿಯ ಹೊರಗೆ ಶಾಪವಾಗುತ್ತದೆ. 2020ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರ ಸಮೀಪದ ಆವಳ ಪಾಂಡಿಯಲ್ಲಿ ತೋಡಿನ ತುಂಬ ಗುಲಾಬಿ ಬಣ್ಣದ ಹೂ ಅರಳಿ, ನೋಡಲು ಜನ ಮುಗಿಬಿದ್ದುದು ಅನೇಕರಿಗೆ ನೆನಪಿರಬಹುದು. ಆ ಹೂವಿನ ಗಿಡ ದಕ್ಷಿಣ ಅಮೆರಿಕ ಮೂಲದ ಕ್ಯಾಬೊಂಬ. ಅಕ್ವೇರಿಯಂ ಗಿಡವೆಂದೇ ಮಾರಾಟವಾಗುವಂಥದ್ದು. ಕಣ್ಣಿಗೆ ಹಬ್ಬವಾದ ಆ ಹೂವಿನ ಕೆಳಗೆ ತೋಡಿನ ನೀರು ಉಸಿರುಗಟ್ಟುತ್ತಿತ್ತೆಂಬುದನ್ನು ಕಂಡವರು ಕಡಿಮೆ. ‘ಆಫ್ರಿಕನ್ ಪಾಯಲ್’ ಎಂದು ಕರೆಯಲಾಗುವ ಸಾಲ್ವಿನಿಯದ ಕಥೆ ಇನ್ನೂ ಹಳೆಯದು. ಹೆಸರು ಆಫ್ರಿಕದ್ದಾದರೂ ಅದರ ಮೂಲ ಬ್ರೆಜಿಲ್. ಕುಟ್ಟನಾಡಿನ ಗದ್ದೆ, ಕಾಲುವೆಗಳನ್ನು ಅದು ಮುಚ್ಚಿಬಿಟ್ಟಾಗ, 1980ರ ದಶಕದಲ್ಲಿ ಅದನ್ನೇ ತಿಂದು ಬದುಕುವ ಒಂದು ಜಾತಿಯ ಮೂತಿಹುಳವನ್ನು ತಂದು ಬಿಡಬೇಕಾಯಿತು.

ನಮ್ಮ ಜಿಲ್ಲೆಯ ಸ್ಥಿತಿ ಏನು? ಇಲ್ಲಿನ ಅಡಿಕೆ ತೋಟಗಳು ಬದುಕಿರುವುದೇ ಮದಕ, ಸುರಂಗ, ತೋಡು ಮತ್ತು ವರ್ಷವರ್ಷ ಹಾಕುವ ಕಟ್ಟಗಳ ನೀರಿನಿಂದ. ಕಟ್ಟದ ನಿಂತ ನೀರಿಗೆ ಒಂದು ಹಿಡಿ ಕ್ಯಾಬೊಂಬ ಬಿದ್ದರೆ ಬೆಳೆಯಲು ಅದಕ್ಕೆ ಬೇರೇನು ಬೇಕು? ಬೆಳಕು ತಳಕ್ಕಿಳಿಯದೆ, ಸತ್ತ ಎಲೆ ಕೊಳೆತು ಆಮ್ಲಜನಕ ಕುಗ್ಗಿ, ಊರ ಮೀನುಗಳು ಸಾಯುತ್ತವೆ. ಪಂಪಿನ ಬಾಯಿ ಕಟ್ಟುತ್ತದೆ. ಮುರಕಲ್ಲಿನ ಪಾರೆಗಳ ಮಳೆಗಾಲದ ಹೊಂಡಗಳಲ್ಲಿಯಂತೂ ಬೇರೆಲ್ಲೂ ಕಾಣದ ಸಸ್ಯಗಳಿವೆ. 1990ರಲ್ಲಿ ಸಸ್ಯವಿಜ್ಞಾನಿಗಳು ಹೆಸರಿಟ್ಟ ರೊಟಾಲ ಮಲಬಾರಿಕ ಉತ್ತರ ಮಲಬಾರಿನ ಅಂಥ ಹೊಂಡಗಳದೇ ಗಿಡ. ಅಲ್ಲಿಗೆ ಹೊರಗಿನ ಗಿಡ ಹಾಕುವುದೂ ತಪ್ಪು, ಅಲ್ಲಿಂದ ತೊಟ್ಟಿಗಾಗಿ ಕಿತ್ತು ತರುವುದೂ ತಪ್ಪು.

ಕೆಲವರು ಕೇಳಬಹುದು: ಇಷ್ಟಕ್ಕೆ ಹವ್ಯಾಸವನ್ನೇ ಬಿಡಬೇಕೆ? ಖಂಡಿತ ಬೇಡ. ಹೆಚ್ಚಾದ ಗಿಡವನ್ನು ನೆರೆಕರೆಯ ಹವ್ಯಾಸಿಗಳಿಗೆ ಕೊಡಿ. ಉಳಿದುದನ್ನು ಅಂಗಳದ ಬಿಸಿಲಿನಲ್ಲಿ, ಮಳೆಗಾಲವಾದರೆ ಸೂರಿನಡಿಯಲ್ಲಿ, ಗರಿಗರಿಯಾಗುವಂತೆ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ; ಒಳ್ಳೆಯ ಗೊಬ್ಬರ. ತೊಟ್ಟಿ ತೊಳೆದ ನೀರೂ ತೋಡಿಗೆ ಹೋಗದೆ, ಗಿಡದ ಬುಡದ ಒಣನೆಲದಲ್ಲಿ ಇಂಗಲಿ. ತುಂಡಾದ ಒಂದು ಗಂಟು ಸಾಕು, ಮತ್ತೆ ಚಿಗುರಲು.

ಇನ್ನೊಂದು ಮಾತು. ಮಲಯಾಳದಲ್ಲಿ ‘ಪಾಯಲ್’ ಎಂದರೂ ನಮ್ಮಲ್ಲಿ ‘ಪಾಚಿ’ ಎಂದರೂ ಸಾಮಾನ್ಯರ ಮಾತಿನಲ್ಲಿ ನೀರಿನ ಹಸಿರೆಲ್ಲವೂ ಒಂದೇ ಆಗಿಬಿಡುತ್ತದೆ. ಊರಿನದು ಯಾವುದು, ಹೊರಗಿನದು ಯಾವುದೆಂದು ಗುರುತಿಸಲು ಶಾಲೆಗಳಲ್ಲಿಯೇ ಮಕ್ಕಳಿಗೆ ಕಲಿಸಬೇಕು. ಪಂಚಾಯತುಗಳು ಈ ಕುರಿತು ತಿಳಿವಳಿಕೆ ಪತ್ರ ಹೊರಡಿಸುವುದಾದರೆ ಅದು ಕನ್ನಡದಲ್ಲಿಯೂ ಇರಬೇಕು. ಒಂದೇ ತೋಡಿನ ನೀರನ್ನು ಎರಡೂ ಭಾಷೆಯವರು ತೋಟಕ್ಕೆ ಹಾಯಿಸುತ್ತೇವಲ್ಲವೆ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆಂದೂ, ಅದಕ್ಕೆ ಕಾಯದೆ ನಮ್ಮ ಮನೆಗಳಲ್ಲಿ ಈ ಎಚ್ಚರ ಇಂದೇ ಮೂಡುವುದೆಂದೂ ಆಶಿಸುತ್ತೇವೆ.