ಓದು ನಡುವೆ ನಿಲ್ಲದಿರಲಿ



ಮಸ್ಕಿಯ ಗುಡ್ಡದ ಬಂಡೆಯ ಮೇಲಿರುವ ಅಶೋಕನ ಶಾಸನದ ಹೆಸರನ್ನು ಕೇಳದವರು ನಮ್ಮ ಭಾಗದಲ್ಲಿ ವಿರಳ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಇಂಜಿನಿಯರರ ಕಣ್ಣಿಗೆ ಅದು ಬಿದ್ದಿತು. 'ದೇವಾನಾಂಪ್ರಿಯ' ಎಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ಹೆಸರಿನಿಂದ ತೋರಿಸಿಕೊಟ್ಟ ಶಾಸನವದು ಎಂಬ ಸಂಗತಿಯನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದರೊಳಗಿನ ಉಪದೇಶದತ್ತ ನಮ್ಮ ಗಮನ ಹರಿದಿರುವುದು ಕಡಿಮೆ. ಉನ್ನತವಾದುದು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಧರ್ಮದಲ್ಲಿ ನಿಂತು ಶ್ರಮಿಸಿದರೆ ಸಣ್ಣವನಿಗೂ ಅದು ಸಾಧ್ಯ ಎಂಬುದೇ ಅದರ ತಾತ್ಪರ್ಯ. ಈ ಮಾತನ್ನು ಇಂದು ಯಾರಿಗೆ ಹೇಳಬೇಕೆಂದು ಯೋಚಿಸಿದಾಗ, ಆ ಗುಡ್ಡದ ಕೆಳಗಿನ ರಸ್ತೆಯಲ್ಲಿ ಬೆಳಗಿನ ಬಸ್ಸಿಗಾಗಿ ಕಾಯುತ್ತ ನಿಲ್ಲುವ ಕಾಲೇಜು ವಿದ್ಯಾರ್ಥಿಗಳೇ ಕಣ್ಣ ಮುಂದೆ ಬರುತ್ತಾರೆ.

ಸಿಂಧನೂರು, ಮಸ್ಕಿ, ಲಿಂಗಸೂಗೂರು ಒಂದೇ ರಸ್ತೆಯ ಮೇಲಿರುವ ಮೂರು ಊರುಗಳು. ಇಂದು ಮೂರರಲ್ಲಿಯೂ ಪದವಿ ಕಾಲೇಜುಗಳಿವೆ. ನಮ್ಮ ತಂದೆಯವರ ಕಾಲದಲ್ಲಿ ಈ ಭಾಗ್ಯವಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಗೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಉನ್ನತ ವಿದ್ಯೆಯ ಬಾಗಿಲಾಗಿತ್ತು. ಅಲ್ಲಿ ಬೋಧನೆ ಉರ್ದುವಿನಲ್ಲಿ. ಹಳ್ಳಿಯ ಕನ್ನಡದ ಹುಡುಗನಿಗೆ ಆ ಬಾಗಿಲು ದೂರದ್ದೂ ಹೌದು, ಪರಭಾಷೆಯದೂ ಹೌದು. 1948ರಲ್ಲಿ ವಿಮೋಚನೆಯಾಯಿತು, 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿದೆವು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಿತು. ಆದರೂ 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ನಮ್ಮ ಭಾಗದವೇ ಆಗಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ರಾಯಚೂರು ಜಿಲ್ಲೆಯದು 59.56 ಮಾತ್ರ. ಹೆಣ್ಣುಮಕ್ಕಳಲ್ಲಿ ಅದು 48.73. ಎಂದರೆ ಇಂದು ಕಾಲೇಜಿನ ಮೆಟ್ಟಿಲು ಹತ್ತುವ ಅನೇಕ ಮಕ್ಕಳು ತಮ್ಮ ಮನೆತನದಲ್ಲಿ ಆ ಮೆಟ್ಟಿಲು ಕಂಡ ಮೊದಲಿಗರು. ಅವರು ಕಾಲೇಜಿಗೆ ಸೇರಿದ ದಿನ ನಾವು ಪೇಡೆ ಹಂಚುತ್ತೇವೆ. ಓದು ಮುಗಿಸಿ ಹೊರಬಂದರೋ ಇಲ್ಲವೋ ಎಂದು ವಿಚಾರಿಸುವವರು ಎಷ್ಟು ಜನ?

ಓದು ಬಿಡುವ ವಿದ್ಯಾರ್ಥಿ ಒಂದೇ ದಿನದಲ್ಲಿ ಬಿಡುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರಿನ ಹಳ್ಳಿಗಳಲ್ಲಿ ಭತ್ತದ ಕೊಯ್ಲು ಬರುವುದೂ ಸೆಮಿಸ್ಟರಿನ ಪರೀಕ್ಷೆ ಸಮೀಪಿಸುವುದೂ ಬಹುಮಟ್ಟಿಗೆ ಒಂದೇ ಕಾಲಕ್ಕೆ. ಮಗ ಹತ್ತು ದಿನ ಗದ್ದೆಯಲ್ಲಿ ನಿಲ್ಲುತ್ತಾನೆ. ಲಿಂಗಸೂಗೂರು, ಮಸ್ಕಿಗಳ ಮಳೆಯಾಶ್ರಿತ ಎರೆಭೂಮಿಯಲ್ಲಿ ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮನೆ ಕಾಯುವ ಹೊಣೆ ಕಾಲೇಜಿಗೆ ಹೋಗುವ ಮಗಳ ಮೇಲೆ ಬೀಳುತ್ತದೆ. ಹತ್ತು ದಿನದ ಪಾಠ ತಪ್ಪಿದರೆ ಹನ್ನೊಂದನೆಯ ದಿನದ ಪಾಠ ಅರ್ಥವಾಗದು. ಒಂದು ವಿಷಯ, ಹೆಚ್ಚಾಗಿ ಇಂಗ್ಲಿಷು, ಬಾಕಿ ಉಳಿಯುತ್ತದೆ. ಅದನ್ನು ಮನೆಯಲ್ಲಿ ಹೇಳಲು ನಾಚಿಕೆ, ಗೆಳೆಯರಲ್ಲಿ ಹೇಳಲು ಅಳುಕು. ಮುಂದಿನ ಸೆಮಿಸ್ಟರಿಗೆ ಒಂದು ಎರಡಾಗುತ್ತದೆ. ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಹುಡುಗನು ತರಗತಿಗೆ ಹೋಗುವ ಬದಲು ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂಡುತ್ತಾನೆ. ಹುಡುಗಿಯಾದರೆ, ಹೇಗೂ ಓದು ಕುಂಟುತ್ತಿದೆಯೆಂದು ಮನೆಯವರು ಗಂಡು ನೋಡಲು ತೊಡಗುತ್ತಾರೆ. ಕೊನೆಗೆ 'ಅವನಿಗೆ ವಿದ್ಯೆ ಹತ್ತಲಿಲ್ಲ' ಎಂಬ ಒಂದೇ ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ವಿದ್ಯೆ ಹತ್ತದೆ ಹೋದುದಲ್ಲ, ವಿದ್ಯಾರ್ಥಿಯು ಜಾರುತ್ತಿರುವುದನ್ನು ಯಾರೂ ಕಾಣದೆ ಹೋದುದು ನಿಜವಾದ ಕಾರಣ.

ಹೀಗೆ ಕಾಣದೆ ಹೋದವರಲ್ಲಿ ನಾನೂ ಒಬ್ಬನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಗಳ ಹಿಂದೆ ಒಂದು ಪ್ರಸಾದನಿಲಯದ ವಿದ್ಯಾರ್ಥಿಗಳ ಓದನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲಿತ್ತು. ಬಿ.ಎ. ಎರಡನೆಯ ವರ್ಷದ ಒಬ್ಬ ಹುಡುಗ, ಮಿತಭಾಷಿ, ರಜೆಗೆ ಊರಿಗೆ ಹೋದವನು ಮರಳಲಿಲ್ಲ. ಹೊಲದ ಕೆಲಸವಿದ್ದೀತು, ಬಂದಾನು ಎಂದು ನಾನು ಸುಮ್ಮನಿದ್ದೆ. ಎರಡು ತಿಂಗಳಾದ ಮೇಲೆ ಅವನ ಜಾಗಕ್ಕೆ ಬೇರೊಬ್ಬನನ್ನು ಸೇರಿಸಿಕೊಂಡೆವು. ಹಲವು ವರ್ಷಗಳ ತರುವಾಯ ಒಂದು ಜಾತ್ರೆಯಲ್ಲಿ ಅವನೇ ಬಂದು ಪಾದ ಮುಟ್ಟಿದ. ಅರಳೆಯ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿರುವುದಾಗಿ ತಿಳಿಸಿದ. ಓದನ್ನೇಕೆ ಬಿಟ್ಟೆ ಎಂದು ಕೇಳಿದೆ. "ಇಂಗ್ಲಿಷ್ ಒಂದು ಉಳಿದಿತ್ರಿ ಗುರುಗಳೆ. ನಿಮ್ಮದೊಂದು ಕಾಗದ ಬರತೈತಿ ಅಂತ ತಿಂಗಳತನಕ ದಾರಿ ನೋಡಿದೆ. ಬರಲಿಲ್ಲ. ನಾ ಯಾರಿಗೂ ಬ್ಯಾಡಾದವ ಅಂದ್ಕೊಂಡು ಸುಮ್ಮನಾದೆ" ಎಂದ. ಅವನ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದುದರಿಂದಲೇ ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹದಿನೈದು ಪೈಸೆಯ ಒಂದು ಅಂಚೆ ಕಾರ್ಡು ಬರೆಯದೆ ಹೋದುದಕ್ಕಾಗಿ ಒಬ್ಬನ ಪದವಿ ಹೋಯಿತು.

ವಿಷಾದದ ಸಂಗತಿಯೆಂದರೆ, ಕೇಳುವ ಕ್ರಮ ನಮ್ಮ ಪರಂಪರೆಗೆ ಹೊಸದಾಗಿರಲಿಲ್ಲ. ಮಠಗಳ ಪ್ರಸಾದನಿಲಯಗಳು ಅನ್ನ ಮತ್ತು ಆಶ್ರಯವನ್ನಷ್ಟೇ ಕೊಟ್ಟವೆಂದು ನಾವು ಹೇಳುವುದುಂಟು. ಅಲ್ಲಿ ಮೂರನೆಯದೊಂದು ಇತ್ತು. ಪಂಕ್ತಿಯಲ್ಲಿ ಒಂದು ತಾಟು ಖಾಲಿಯಿದ್ದರೆ, ಅದು ಯಾರದು, ಅವನೇಕೆ ಬಂದಿಲ್ಲ ಎಂದು ಹಿರಿಯರು ಆ ಹೊತ್ತಿಗೇ ಕೇಳುತ್ತಿದ್ದರು. ಜ್ವರವೋ, ಜಗಳವೋ, ಮನೆಯ ಚಿಂತೆಯೋ ಅಂದೇ ಬೆಳಕಿಗೆ ಬರುತ್ತಿತ್ತು. ಇಂದಿನ ಕಾಲೇಜಿನಲ್ಲಿ ಹಾಜರಿ ಪುಸ್ತಕವಿದೆ, ಆದರೆ ಗೈರುಹಾಜರಾದವನ ಮನೆಗೆ ಹೋಗುವವರಿಲ್ಲ. ನೂರಾರು ವಿದ್ಯಾರ್ಥಿಗಳನ್ನು ಕೆಲವೇ ಅಧ್ಯಾಪಕರು ನೋಡಿಕೊಳ್ಳಬೇಕಾದಾಗ ಅವರನ್ನು ದೂಷಿಸಿ ಫಲವಿಲ್ಲ.

ಈ 'ಕೇಳುವಿಕೆ'ಯ ಬೆಲೆಯೇನೆಂಬುದು ಹೊರದೇಶದಲ್ಲಿ ಲೆಕ್ಕ ಹಾಕಿಯೇ ತಿಳಿದುಬಂದಿದೆ. ಅಮೆರಿಕದ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು ತನ್ನ ಎರಡು ವರ್ಷದ ಕಾಲೇಜುಗಳಲ್ಲಿ ಓದು ಬಿಡುವವರ ಸಂಖ್ಯೆ ಕಂಡು 2007ರಲ್ಲಿ ಒಂದು ಯೋಜನೆಯನ್ನು ಆರಂಭಿಸಿತು. ಶುಲ್ಕದ ಕೊರತೆ ತುಂಬುವುದು, ಪಠ್ಯಪುಸ್ತಕಕ್ಕೂ ಪ್ರಯಾಣಕ್ಕೂ ನೆರವು, ಎಲ್ಲಕ್ಕಿಂತ ಮಿಗಿಲಾಗಿ ಪ್ರತಿ ವಿದ್ಯಾರ್ಥಿಯೂ ಮೇಲಿಂದ ಮೇಲೆ ಕಾಣಲೇಬೇಕಾದ ಒಬ್ಬ ಸಲಹೆಗಾರ, ಇಷ್ಟೇ ಅದರ ತಿರುಳು. ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಈ ನೆರವು ಪಡೆದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 40 ಮಂದಿ ಓದು ಮುಗಿಸಿದರೆ, ಪಡೆಯದವರಲ್ಲಿ 22 ಮಂದಿ ಮಾತ್ರ ಮುಗಿಸಿದರು. ಎರಡು ಗುಂಪಿನ ಮಕ್ಕಳ ಬುದ್ಧಿಯಲ್ಲಿ ಅಂತರವಿರಲಿಲ್ಲ. ಅಂತರವಿದ್ದುದು ಅವರ ಬೆನ್ನಿಗೆ ನಿಂತವರಲ್ಲಿ.

ಹಾಗಾದರೆ ನಾವು ಮಾಡಬೇಕಾದುದೇನು? ಪ್ರತಿಯೊಂದು ಊರಿನಲ್ಲಿಯೂ ನಿವೃತ್ತ ಶಿಕ್ಷಕರು, ಬ್ಯಾಂಕಿನಲ್ಲಿ ಇದ್ದವರು, ಪದವಿ ಪಡೆದ ಸೊಸೆಯಂದಿರು ಇದ್ದಾರೆ. ಒಬ್ಬೊಬ್ಬರು ಇಬ್ಬರು ಅಥವಾ ಮೂವರು ವಿದ್ಯಾರ್ಥಿಗಳ ಹೊಣೆ ಹೊರಲಿ. ಪಾಠ ಹೇಳಲು ಬಾರದಿದ್ದರೂ ಚಿಂತೆಯಿಲ್ಲ. ವಾರಕ್ಕೊಮ್ಮೆ, ನಿಗದಿತ ದಿನದಂದು, ಮೂರು ಪ್ರಶ್ನೆ ಕೇಳಿದರೆ ಸಾಕು. ಈ ವಾರ ಯಾವ ತರಗತಿ ತಪ್ಪಿತು? ಯಾವ ಪಾಠ ತಿಳಿಯಲಿಲ್ಲ, ಅದನ್ನು ಯಾರಲ್ಲಿ ಕೇಳಿದೆ? ಶುಲ್ಕ, ವಿದ್ಯಾರ್ಥಿವೇತನ, ಪರೀಕ್ಷೆಯ ಅರ್ಜಿ, ಇವುಗಳ ಕೊನೆಯ ದಿನ ಯಾವುದು? 'ಎಷ್ಟು ಅಂಕ ಬಂತು' ಎಂಬುದನ್ನು ಮೊದಲೇ ಕೇಳಬಾರದು. ಅಂಕ ಕೇಳುವವರೆದುರು ಮಕ್ಕಳು ಮರೆಮಾಚುತ್ತಾರೆ, ಕಷ್ಟ ಕೇಳುವವರೆದುರು ಬಾಯಿ ಬಿಡುತ್ತಾರೆ.

ಬಾಕಿ ಉಳಿದ ವಿಷಯವನ್ನು ಸಾಲದಂತೆ ಕಾಣಬೇಕು. ಮೊದಲ ಅವಕಾಶದಲ್ಲಿಯೇ ತೀರಿಸದಿದ್ದರೆ ಬಡ್ಡಿ ಬೆಳೆಯುತ್ತದೆ. ಇಂಗ್ಲಿಷಿನ ಅಂಜಿಕೆಗೆ ದಿನಕ್ಕೆ ಅರ್ಧ ತಾಸು ಗಟ್ಟಿಯಾಗಿ ಓದುವುದು, ಹತ್ತು ವಾಕ್ಯ ಕೈಯಾರೆ ಬರೆಯುವುದು, ಇದಕ್ಕಿಂತ ಮಿಗಿಲಾದ ಮದ್ದಿಲ್ಲ. ಇನ್ನು ತಂದೆತಾಯಿಗಳಿಗೆ ಒಂದು ಬಿನ್ನಹ. ಕೊಯ್ಲಿನಲ್ಲಿ ಮಗನ ಕೈ ಬೇಕೆನಿಸುವುದು ಸಹಜ. ಆದರೆ ಪರೀಕ್ಷೆಯ ಹಿಂದಿನ ಹದಿನೈದು ದಿನಗಳನ್ನು ಅವನಿಗೆ ಬಿಟ್ಟುಕೊಡಿ. ಒಂದು ಆಳಿನ ಕೂಲಿ ಉಳಿಸಲು ಹೋಗಿ ಒಂದು ವರ್ಷ ಕಳೆದುಕೊಳ್ಳುವುದು ಲೆಕ್ಕ ಬಲ್ಲ ರೈತನ ಲಕ್ಷಣವಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಬಸ್ಸಿನ ಖರ್ಚು ಇನ್ನು ಅವರ ಓದು ಬಿಡಿಸಲು ನೆಪವಾಗಲಾರದು. ಪದವಿ ಮುಗಿಯುವವರೆಗೆ ಮದುವೆಯ ಮಾತನ್ನು ಮುಂದೂಡುವ ಧೈರ್ಯವನ್ನು ಮನೆಯ ಹಿರಿಯ ತಾಯಂದಿರೇ ತೋರಬೇಕು.

ಇನ್ನು ಉದ್ಯೋಗದ ವಿಚಾರ. ಪದವಿ ಮುಗಿದ ಮೇಲೆ ನೋಡೋಣ ಎಂಬುದು ನಮ್ಮಲ್ಲಿ ಸಾಮಾನ್ಯವಾದ ಮಾತು. ಬೀಜವನ್ನು ಸುಗ್ಗಿಯಲ್ಲಿ ಹುಡುಕುವವರಿಲ್ಲ. ಉದ್ಯೋಗದ ಸಿದ್ಧತೆಯೂ ಮೊದಲನೆಯ ವರ್ಷದಲ್ಲಿಯೇ ತೊಡಗಬೇಕು. ಮೊದಲ ಕೆಲಸ ಕಾಗದಪತ್ರಗಳದು. ಹತ್ತನೆಯ ತರಗತಿಯ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕಿನ ಖಾತೆ, ಇವೆಲ್ಲದರಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ. ಒಂದರಲ್ಲಿ ತಂದೆಯ ಹೆಸರು ಮುಂದೆ, ಇನ್ನೊಂದರಲ್ಲಿ ಅಡ್ಡಹೆಸರು ಹಿಂದೆ ಇದ್ದ ಕಾರಣಕ್ಕೆ ವಿದ್ಯಾರ್ಥಿವೇತನವೂ ನೌಕರಿಯೂ ತಡೆಯಲ್ಪಡುವುದುಂಟು.

ಎರಡನೆಯದು ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರ. 2012ರ ತಿದ್ದುಪಡಿಯಿಂದ ಬಂದು 2013ರಲ್ಲಿ ಜಾರಿಯಾದ ಈ ವಿಧಿಯ ಮೂಲಕ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಾನಗಳು ಸ್ಥಳೀಯರಿಗೆ ಮೀಸಲಾಗಿವೆ. ಸರ್ಕಾರಿ ಹುದ್ದೆಗಳಲ್ಲಿಯೂ ಮೀಸಲಾತಿಯಿದೆ. ಈ ಪ್ರಮಾಣಪತ್ರವನ್ನು ಕೊಡುವವರು ಉಪವಿಭಾಗಾಧಿಕಾರಿಗಳು. ಅವರ ಕಚೇರಿ ಲಿಂಗಸೂಗೂರಿನಲ್ಲಿದೆ. ಅರ್ಜಿಯ ಕೊನೆಯ ದಿನ ಓಡಾಡುವ ಬದಲು ಮೊದಲ ವರ್ಷದ ರಜೆಯಲ್ಲಿಯೇ ಪಡೆದಿರಿಸಿಕೊಳ್ಳುವುದು ಲೇಸು.

ಮೂರನೆಯದು ಪರೀಕ್ಷೆಗಳ ಪರಿಚಯ. ಕನ್ನಡ ಮಾಧ್ಯಮದವರಿಗೆ ಕೇಂದ್ರದ ನೌಕರಿ ಎಟುಕದೆಂಬ ಭಾವನೆ ಬೇರೂರಿದೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲಿಯೂ ನಡೆಸುವ ನಿರ್ಧಾರ 2019ರಲ್ಲಿ ಆಯಿತು. ಕೇಂದ್ರ ಸಿಬ್ಬಂದಿ ನೇಮಕಾತಿ ಆಯೋಗವೂ 2023ರಿಂದ ತನ್ನ ಕೆಲವು ಪರೀಕ್ಷೆಗಳಿಗೆ ಕನ್ನಡವನ್ನು ಸೇರಿಸಿತು. ಬಾಗಿಲು ತೆರೆದಿದೆ, ಅದನ್ನು ಹೇಳುವವರಿಲ್ಲದೆ ಮಕ್ಕಳು ಹೊರಗೇ ನಿಂತಿದ್ದಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸುವ ಅಭ್ಯಾಸ ಎರಡನೆಯ ವರ್ಷದಿಂದಲೇ ಆಗಲಿ. ಹೊಲ ಒತ್ತೆಯಿಟ್ಟು ದೂರದ ಊರಿನ ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮುನ್ನ, ಮನೆಯಲ್ಲಿಯೇ ಆರು ತಿಂಗಳು ಇಂತಹ ಅಭ್ಯಾಸ ಮಾಡಿ ನೋಡಲಿ. ಆ ಆರು ತಿಂಗಳ ಶಿಸ್ತು ಇಲ್ಲದವನಿಗೆ ಯಾವ ಕೇಂದ್ರವೂ ಶಿಸ್ತನ್ನು ಮಾರಲಾರದು.

ಆದರೆ ಸರ್ಕಾರಿ ನೌಕರಿಯೊಂದೇ ಉದ್ಯೋಗವೆಂಬ ಭ್ರಮೆಯೂ ಸಲ್ಲದು. ಸಿಂಧನೂರಿನ ಅಕ್ಕಿ ಗಿರಣಿಗಳಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯಬಲ್ಲವರು, ಯಂತ್ರ ಬಲ್ಲವರು ಬೇಕು. ಲಿಂಗಸೂಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಂತಹ ಉದ್ಯಮಕ್ಕೆ ಕೈಕೆಲಸದ ತರಬೇತಿ ಪಡೆದವರು ಬೇಕು. ಒಕ್ಕಲುತನವೂ ಓದಿದವರನ್ನು ಬೇಡುತ್ತದೆ. ನಮ್ಮದೇ ಸಂತೆಕೆಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು 'ಕೃಷಿ ಜ್ಞಾನ ಪ್ರದೀಪಿಕೆ'ಯನ್ನು ರಚಿಸಿ, ಬೇಸಾಯವೂ ಶಾಸ್ತ್ರವಾಗಿ ಅಭ್ಯಸಿಸಬೇಕಾದ ವಿದ್ಯೆಯೆಂದು ತೋರಿಸಿಕೊಟ್ಟವರು. ಪದವಿ ಪಡೆದು ಹೊಲಕ್ಕೆ ಮರಳಿದವನನ್ನು ಸೋತವನೆಂದು ಹೀಗಳೆಯುವ ನಾಲಿಗೆಯನ್ನು ನಾವು ಬಿಗಿಹಿಡಿಯಬೇಕು. ಓದು ಮುಗಿಸಿ ಮರಳುವುದು ಬೇರೆ, ಓದು ಮುರಿದು ಮರಳುವುದು ಬೇರೆ.

ಬಂಧುಗಳೇ, ಈ ಸಂಚಿಕೆ ಕೈಸೇರಿದ ವಾರ ನಿಮ್ಮ ಓಣಿಯಲ್ಲಿ ಕಾಲೇಜಿಗೆ ಸೇರಿದ್ದ ಮಕ್ಕಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅವರಲ್ಲಿ ಈಗ ತರಗತಿಗೆ ಹೋಗದವರು ಯಾರೆಂದು ಗುರುತು ಮಾಡಿರಿ. ಅಂಥವರು ಒಬ್ಬರಿದ್ದರೂ ಆ ಮನೆಗೆ ಹೋಗಿ, ಚಹಾ ಕುಡಿದು, ಯಾವ ವಿಷಯ ಉಳಿದಿದೆ ಎಂದು ಕೇಳಿರಿ. ದಾರಿ ನೋಡುತ್ತ ಕುಳಿತವನಿಗೆ ಆ ಪ್ರಶ್ನೆಯೇ ಕಾಗದವಾಗಿ ತಲುಪುತ್ತದೆ. ನಾನು ಬರೆಯದೆ ಹೋದ ಕಾಗದವನ್ನು ನೀವಾದರೂ ಬರೆಯಿರಿ.